ಕಂಡಕ್ಟರ್ ಸುನಂದಾ ಹಾಡಿದ ಎಂಟು ಹಾಡು

ಬಾಗಲಕೋಟೆ ಬಸ್ ನಿಲ್ದಾಣದ ಒಂದು ತುದಿಯಲ್ಲಿ ನಿಂತು ಸುನಂದಾ "ಕಮತಗಿ, ಅಮೀನಗಡ, ಹುನಗುಂದ, ಇಳಕಲ್ಲ" ಎಂದು ಕೂಗಿದರೆ ಇನ್ನೊಂದು ತುದಿಯ ಚಹಾದಂಗಡಿಯಲ್ಲಿದ್ದವರು ಕಪ್ಪು ಕೆಳಗಿಟ್ಟು ಎದ್ದು ಬರುತ್ತಿದ್ದರು. ಅವಳು ಕಿರುಚುತ್ತಿರಲಿಲ್ಲ. ಕೊನೆಯ ಊರಿನ ಹೆಸರನ್ನು ತುಸು ಎಳೆದು, ಮೇಲಕ್ಕೆ ಒಯ್ದು, ಅಲ್ಲೇ ಬಿಟ್ಟುಬಿಡುತ್ತಿದ್ದಳು. ನಾನು ಅಮೀನಗಡದ ಶಾಲೆಯೊಂದರಲ್ಲಿ ಕಲಿಸುತ್ತೇನೆ. ಎಷ್ಟೋ ವರ್ಷಗಳಿಂದ ಅದೇ ಬಸ್ಸಿನ ಗಿರಾಕಿ. ಸುನಂದಾ ನನ್ನ ವಾರಗೆಯವಳು, ಹಾಗಾಗಿ ಇಲ್ಲಿ ಅವಳು ಎಂದೇ ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ಮಾತ್ರ ಒಬ್ಬರಿಗೊಬ್ಬರು ರೀ ಹಚ್ಚಿಯೇ ಮಾತಾಡುತ್ತೇವೆ.

ಅವಳು ಕಲಾದಗಿಯ ಮಗಳು. ಅಪ್ಪ ಪಾಂಡಪ್ಪನಿಗೆ ಊರ ಹೊರಗೆ ಒಂದಿಷ್ಟು ದಾಳಿಂಬೆ ಗಿಡ, ಊರೊಳಗೆ ಸೋಮವಾರದ ಭಜನೆ. ಮಠದ ಭಜನಾ ಮೇಳದಲ್ಲಿ ಅವನೇ ಮುಖ್ಯ ಹಾಡುಗಾರ. ಬೇರೆಯವರ ಪದಗಳನ್ನು ಹಾಡುತ್ತ ಹಾಡುತ್ತ ತಾನೂ ಕಟ್ಟತೊಡಗಿದ್ದ. ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಕೈಗೆ ತಾಳ ಕೊಡುತ್ತಿದ್ದ. ಅವಳು ದೊಡ್ಡವಳಾಗುತ್ತ ಹೋದಂತೆ ದನಿಯೂ ಏರುತ್ತ ಹೋಯಿತು. ಕಡೆಗೆ ಅವಳು ಹಾಡುವ ಪದ ಬಂದಾಗ ಹಾರ್ಮೋನಿಯಂ ಬಾರಿಸುವವನು ಸುರವನ್ನೇ ಬದಲಿಸಿಕೊಳ್ಳಬೇಕಾಗುತ್ತಿತ್ತು. ಮೇಳದ ಹಿರಿಯರು, ಈ ಹುಡುಗಿ ನಮ್ಮನ್ನೆಲ್ಲ ಅಟ್ಟಕ್ಕೆ ಹತ್ತಿಸುತ್ತಾಳೆ ಎಂದು ಗೊಣಗುತ್ತಲೇ ಹಿಂದೆ ಹಾಡುತ್ತಿದ್ದರಂತೆ.

ಬಿ.ಎ. ಮುಗಿಸಿದ ಮೇಲೆ ಕಂಡಕ್ಟರ್ ಹುದ್ದೆಗೆ ಅರ್ಜಿ ಹಾಕಿದಳು. ಆಗ ಡಿಪೋದಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಅದರ ಹಿಂದೆಯೇ ನವನಗರದ ವಿಜಯಮಹಾಂತೇಶನ ಜೊತೆ ಮದುವೆಯಾಯಿತು. ಅವನದು ಹಿಟ್ಟಿನ ಗಿರಣಿ. ಹಳೆಯ ಬಾಗಲಕೋಟೆಯ ಅವರ ಮನೆಯ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋದಾಗ ಅವನ ತಂದೆ ಗಿರಣಿಯ ಕಲ್ಲುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ನವನಗರದಲ್ಲಿ ಮತ್ತೆ ಹೂಡಿದ್ದ. ಗಿರಣಿಯವರು ಒಂದೋ ಗಂಟಲು ಹರಿದುಕೊಂಡು ಮಾತಾಡುತ್ತಾರೆ, ಇಲ್ಲವೇ ಮಾತನ್ನೇ ಬಿಡುತ್ತಾರೆ. ವಿಜಯಮಹಾಂತೇಶ ಬಿಟ್ಟವನು. ಹೆಂಡತಿ ರೊಟ್ಟಿ ಬಡಿಯುತ್ತ ಗುನುಗಿದರೆ ಸುಮ್ಮನೆ ಬಾಗಿಲಿಗೆ ಒರಗಿ ನಿಲ್ಲುವುದೇ ಅವನ ಹೊಗಳಿಕೆ.

ಪಾಂಡಪ್ಪ ತೀರಿಕೊಂಡ ಮೇಲೆ ಕಲಾದಗಿಯ ಮೇಳವೂ ಚದುರಿತು. ಸುನಂದಾಳಿಗೆ ಹಾಡಲು ಒಂದು ಜಾಗ ಎಂಬುದು ಉಳಿಯಲಿಲ್ಲ. ಮಗಳು ಮಹೇಶ್ವರಿಯನ್ನು ಬೆಳೆಸುವುದು, ಡ್ಯೂಟಿ, ಗಿರಣಿಯ ಲೆಕ್ಕಾಚಾರ, ಇಷ್ಟರಲ್ಲೇ ದಿನ ಹೋಗುತ್ತಿತ್ತು. ಬಸ್ಸು ಕಮತಗಿ ದಾಟಿ ಟಿಕೀಟೆಲ್ಲ ಮುಗಿದಾಗ ಹಿಂಬಾಗಿಲ ಸೀಟಿನಲ್ಲಿ ಕೂತು ಬಾಯೊಳಗೇ ಏನೋ ಅಂದುಕೊಳ್ಳುತ್ತಿದ್ದಳು. ಪಕ್ಕದಲ್ಲಿದ್ದರೆ ನನಗೆ ಕೇಳುತ್ತಿತ್ತು.

ಆ ಬಸ್ಸಿಗೇ ಸಂಕೇತ ಹತ್ತತೊಡಗಿದ. ಬಾಗಲಕೋಟೆಯ ಹುಡುಗ, ಮೂವತ್ತು ದಾಟಿದ್ದ, ಹುನಗುಂದದ ಬ್ಯಾಂಕಿನಲ್ಲಿ ನೌಕರಿ. ತಂದೆ ಸಂಸ್ಕೃತ ಕಲಿಸಿ ನಿವೃತ್ತರಾದವರು. ತಾಯಿ ಸುಲಭಾಬಾಯಿ ದೇವರ ಮುಂದೆ ಕೂತರೆ ಹಾಡು ಮುಗಿಯುವ ತನಕ ಏಳುವವರಲ್ಲ. ಧಾರವಾಡದಲ್ಲಿ ಓದುವಾಗ ಸಂಕೇತ ಗೆಳೆಯರ ಜೊತೆ ಬ್ಯಾಂಡ್ ಕಟ್ಟಿಕೊಂಡು ಬರೀ ಇಂಗ್ಲಿಷ್ ಹಾಡುಗಳನ್ನು ಬಾರಿಸುತ್ತಿದ್ದ. ಗೆಳೆಯರು ಒಬ್ಬೊಬ್ಬರಾಗಿ ಚೆಲ್ಲಾಪಿಲ್ಲಿಯಾದರು, ಗಿಟಾರು ಉಳಿಯಿತು. ಶನಿವಾರ ಬೆಳಿಗ್ಗೆಯೇ ಅದನ್ನು ಹೊತ್ತು ಬಸ್ಸು ಹತ್ತಿ, ಕೆಲಸ ಮುಗಿದ ಮೇಲೆ ಇಳಕಲ್ಲಿಗೆ ಹೋಗುತ್ತಿದ್ದ. ಅಲ್ಲಿ ಅರ್ಷದ ಎಂಬ ಗೆಳೆಯನದೊಂದು ರೆಕಾರ್ಡಿಂಗ್ ಕೋಣೆ ಇತ್ತು.

ಮೊದಲ ಸಲ ಆ ದೊಡ್ಡ ಚೀಲ ಕಂಡಾಗ ಸುನಂದಾ ಟಿಕೀಟು ಯಂತ್ರ ಹಿಡಿದು ಅವನ ಮುಂದೆ ನಿಂತಳು.

"ಇದಕ್ಕ ಲಗೇಜ್ ಆಗ್ತೈತಿ ನೋಡ್ರಿ."

"ತೊಡಿ ಮ್ಯಾಲ ಇಟ್ಕೋತೀನ್ರಿ ಅಕ್ಕಾವ್ರ."

"ತೊಡಿ ಮ್ಯಾಲ ಕೂಸಿದ್ರ ಬಿಡ್ತೇವಿ. ಇದು ಕೂಸಲ್ಲ."

ಅವನು ನಕ್ಕು ಲಗೇಜಿನ ಟಿಕೀಟು ತೆಗೆಸಿದ. ಮುಂದಿನ ಶನಿವಾರ ಕೇಳುವ ಮೊದಲೇ ತೆಗೆಸಿದ. ಅಷ್ಟಕ್ಕೇ ಅವಳಿಗೆ ಅವನ ಮೇಲೆ ಒಂದು ಅಭಿಮಾನ ಮೂಡಿತು.

ಅಂಥದೇ ಒಂದು ಶನಿವಾರ ಬಸ್ಸು ಕಮತಗಿ ದಾಟಿ ಕೆಟ್ಟು ನಿಂತಿತು. ನಾನೂ ಅಂದು ಇಳಕಲ್ಲಿನ ಅಕ್ಕನ ಮನೆಗೆ ಹೊರಟಿದ್ದೆ. ಡ್ರೈವರ್ ರಾಚಪ್ಪ ಬಾನೆಟ್ ಎತ್ತಿ ನೋಡಿ ಡಿಪೋಕ್ಕೆ ಫೋನ್ ಮಾಡಿದ. ಬೇರೆ ಬಸ್ಸು ಬರುವ ತನಕ ಎಲ್ಲರೂ ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಕೂತೆವು. ಐಹೊಳೆ ಕಡೆಯ ಹೆಂಗಸರು ಮದುವೆಯ ಸೀರೆ ತರಲು ಇಳಕಲ್ಲಿಗೆ ಹೊರಟಿದ್ದರು. ಅವರಲ್ಲಿ ಆ ಬಸ್ಸಿಗೆ ಆಗಾಗ ಹತ್ತುವ ಚಂದವ್ವ ಎಂಬ ಮುದುಕಿ ಸುನಂದಾಳನ್ನು ಬಿಡಲಿಲ್ಲ. ಬಸ್ಸಿನಲ್ಲಿ ದಿನಾ ಬಾಯೊಳಗೇ ನುಂಗುತ್ತೀಯಲ್ಲ, ಇವತ್ತು ಹೊರಗೆ ಬರಲಿ ಎಂದು ಗಂಟು ಬಿದ್ದಳು. ಸುನಂದಾ ರಾಚಪ್ಪನ ಕಡೆ ನೋಡಿದಳು, ರಸ್ತೆಯ ಕಡೆ ನೋಡಿದಳು. ಬಸ್ಸು ಬರುವ ಲಕ್ಷಣವಿರಲಿಲ್ಲ. ಅಪ್ಪ ಕಟ್ಟಿದ ಹೊಳೆಯ ಪದವನ್ನು ಎತ್ತಿಕೊಂಡಳು.

*ಹೊಳಿ ತುಂಬಿ ಬಂದಾಳ ತಾಯಿ, ದಂಡಿ ಬಿಟ್ಟು ನಿಲ್ಲರಿ*
*ಹೊತ್ತ ಗಂಟು ನೆಲಕ ಇಳಿಸಿ, ಕೈಗೆ ಕೈಯ ಕೊಡಿರಿ*

ಎರಡನೆಯ ಸಾಲಿಗೆ ದನಿ ಮೇಲೆ ಹೋಗುತ್ತದೆ. ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಮೆಟ್ಟಿಲಿಳಿದಂತೆ ಕೆಳಗೆ ಬರುತ್ತದೆ. ಸಂಕೇತ ಗಿಟಾರು ತೆಗೆದು ಜೊತೆಗೆ ಬಾರಿಸಲು ನೋಡಿದ. ಅವಳ ತಾಳ ಎಲ್ಲಿ ಬೀಳುತ್ತದೆ ಎಂದು ಅವನಿಗೆ ತಿಳಿಯಲಿಲ್ಲ. ಅವಳು ಅವನಿಗಾಗಿ ಕಾಯಲೂ ಇಲ್ಲ. ಎಲ್ಲೆಲ್ಲೋ ಎಡವಿ, ಕಡೆಗೆ ಒಂದೇ ತಂತಿಯನ್ನು ಏಕತಾರಿಯ ಹಾಗೆ ಮೀಟುತ್ತ ಕೂತ. ಆಗ ಸರಿ ಹೋಯಿತು. ಹಾಡು ಮುಗಿದಾಗ ಚಂದವ್ವ ಗಿಟಾರನ್ನು ಮುಟ್ಟಿ ನೋಡಿ, ಇದರ ಹೊಟ್ಟೆಯಲ್ಲಿ ಒಳ್ಳೆಯ ಗಾಳಿ ಇದೆ ಎಂದಳು.

ಹೀಗೆ ಶುರುವಾಯಿತು. ರವಿವಾರ ಮಧ್ಯಾಹ್ನ ಗಿರಣಿ ಬಂದ್ ಆಗಿರುತ್ತಿತ್ತು, ಅಲ್ಲೇ ಕೂತು ಹಾಡುವುದು. ಜೋಳದ ಚೀಲಗಳ ನಡುವೆ ಸಂಕೇತ ತನ್ನ ಇನ್ನೊಂದು, ಎಲೆಕ್ಟ್ರಿಕ್ ಗಿಟಾರನ್ನೂ ಸಣ್ಣದೊಂದು ಆಂಪ್ಲಿಫೈಯರನ್ನೂ ತಂದಿಟ್ಟ. ಆ ಗಿಟಾರು ಗುಂಯ್ ಎನ್ನುವ ಸದ್ದು ಮೊದಲ ಸಲ ಗಿರಣಿಯ ತಗಡಿಗೆ ಬಡಿದಾಗ ಸುನಂದಾ ಕಿವಿ ಮುಚ್ಚಿಕೊಂಡಳು. ಆಮೇಲೆ, ಇನ್ನೊಮ್ಮೆ ಮಾಡು ಎಂದಳು. ಅವಳ ಪದಕ್ಕೆ ಆ ಸದ್ದು ಒಳ್ಳೆಯ ಎದುರಾಳಿ. ಹಿಂದೆ ಸರಿಯುವುದಿಲ್ಲ, ಮೈಮೇಲೂ ಬೀಳುವುದಿಲ್ಲ. ಒಂದು ದಿನ ವಿಜಯಮಹಾಂತೇಶ ಯಂತ್ರಕ್ಕೆ ಹೊಸ ಪಟ್ಟಾ, ಅಂದರೆ ಬೆಲ್ಟು, ಹಾಕಿ ಗಿರಣಿ ಚಾಲೂ ಮಾಡಿ ನೋಡುತ್ತಿದ್ದಾಗ ಪಟ್ಟಾದ ಜೋಡಣೆ ಗಾಲಿಗೆ ಬಡಿದು ಟಕ್, ಟಕ್ ಎನ್ನುತ್ತಿತ್ತು. ಸಂಕೇತ ಅದನ್ನು ಫೋನಿಗೆ ತುಂಬಿಕೊಂಡ. ಅದೇ ಅವರ ಡೋಲು ಆಯಿತು, ಜೋಡಿಯ ಹೆಸರೂ ಅದೇ ಆಯಿತು: ಗಿರಣಿ. ಅಲ್ಲಿಯವರೆಗೆ ಅಕ್ಕಾವ್ರ, ಸರ ಎನ್ನುತ್ತಿದ್ದವರು ಅಕ್ಕ, ತಮ್ಮ ಆಗಿದ್ದರು.

ಓಣಿಯವರು ಸುಮ್ಮನಿರಲಿಲ್ಲ. ಮನೆಯಾಕೆ ಹೊರಗಿನ ಹುಡುಗನ ಜೊತೆ ಹಾಡಿಕೊಂಡು ಕೂರುವುದು ನಿಮಗೆ ನಡೆಯುತ್ತದೆಯೇ ಎಂದು ಜೋಳ ಬೀಸಿಸಲು ಬಂದ ಒಬ್ಬರು ವಿಜಯಮಹಾಂತೇಶನನ್ನೇ ಕೇಳಿದರು.

"ಹೌದ್ರಿ, ರವಿವಾರ ಹಾಡ್ತಾರ," ಎಂದ ಅವನು. "ನೀವೂ ಬಂದು ಕೂಡ್ರಿ."

ಅವರು ಖರೆಯೇ ಬಂದು ಕೂತರು. ಆಮೇಲೆ ಆ ಮಾತು ಬೆಳೆಯಲಿಲ್ಲ.

ಆಲ್ಬಮ್ ಮಾಡಬೇಕೆಂದು ಹೊರಟಾಗ ಎಂಟು ಹಾಡು ಆಯ್ದುಕೊಂಡರು. ಅರ್ಧ ಪಾಂಡಪ್ಪನವು, ಅರ್ಧ ಇವರಿಬ್ಬರೂ ಕೂಡಿ ಕಟ್ಟಿದವು. 'ಮುಂದ ಸರೀರಿ' ಎಂಬುದು ಬಸ್ಸಿನ ಹಾಡು. ಹೆಂಗಸರಿಗೆ ಪುಕ್ಕಟೆ ಪ್ರಯಾಣ ಬಂದ ಮೇಲೆ ತುಂಬಿ ತುಳುಕುವ ಬಸ್ಸು, ತವರಿಗೆ ಹೊರಟವರು, ದವಾಖಾನೆಗೆ ಹೊರಟವರು, ಎಲ್ಲಿಗೂ ಅಲ್ಲದೆ ಸುಮ್ಮನೆ ಹೊರಟವರು, ಎಲ್ಲರೂ ಅದರಲ್ಲಿದ್ದಾರೆ. ಆಲ್ಬಮ್ಮಿಗೂ ಅದೇ ಹೆಸರಿಟ್ಟರು.

ಅರ್ಷದನ ಕೋಣೆ ಇಳಕಲ್ಲಿನ ಒಂದು ಸಂದಿಯಲ್ಲಿತ್ತು. ಮದುವೆಯ ಹಾಡು, ಚುನಾವಣೆಯ ಪ್ರಚಾರ ಎಲ್ಲ ಅಲ್ಲೇ ತಯಾರಾಗುತ್ತಿತ್ತು. ಸದ್ದು ಗೋಡೆಗೆ ಬಡಿದು ತಿರುಗಿ ಬರದಂತೆ ಅವನ ತಾಯಿ ಹೊಲಿದ ಕೌದಿಗಳನ್ನು ಸುತ್ತಲೂ ತೂಗುಹಾಕಿದ್ದ. ಆದರೆ ನೆರೆಮನೆಯಲ್ಲಿ ಮಗ್ಗಗಳಿದ್ದವು. ಅವುಗಳ ಸದ್ದಿಗೆ ಯಾವ ಕೌದಿಯೂ ಸಾಲದು. ನೇಕಾರರು ಊಟಕ್ಕೆ ಎದ್ದ ಹೊತ್ತನ್ನು ಕಾದಿದ್ದು, ಅವರು ತಿರುಗಿ ಬರುವುದರೊಳಗೆ ಹಾಡಿ ಮುಗಿಸಬೇಕು. ಹಾಗೆ ಅವಸರದಲ್ಲೇ ಮೂರು ಹಾಡು ಮುಗಿದವು. ಹೊಳೆಯ ಪದ ಮೊದಲನೆಯದು. ಕೇಳಿ ಅರ್ಷದ ಎಲ್ಲರಿಗೂ ಚಹಾ ತರಿಸಿದ.

ಆ ದಿನಗಳಲ್ಲೇ ಸುನಂದಾಳ ಕೊರಳಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಮೊದಲು ನೋಡಿದವಳು ಮಹೇಶ್ವರಿ. ತಾಯಿಯ ತಲೆ ಬಾಚುತ್ತಿದ್ದವಳು ಕನ್ನಡಿಯಲ್ಲಿ ನೋಡಿ ಕೈ ನಿಲ್ಲಿಸಿದಳು. ಪರೀಕ್ಷೆಗಳಾದವು. ಥೈರಾಯ್ಡಿನ ಗಂಟು, ತೆಗೆಯಲೇಬೇಕು ಎಂದರು. ದನಿಗೆ ಹೋಗುವ ನರ ಅದಕ್ಕೆ ಅಂಟಿಕೊಂಡೇ ಇದೆ, ಎಷ್ಟು ಜೋಪಾನ ಮಾಡಿದರೂ ಪೆಟ್ಟಾಗಬಹುದು ಎಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದರು. ಸುನಂದಾ ಕೇಳಿದ್ದು ಒಂದೇ ಮಾತು, ತೆಗೆಸದಿದ್ದರೆ ಏನಾಗುತ್ತದೆ ಎಂದು. ಅವರು ಅದನ್ನೂ ಹೇಳಿದರು. ಅವಳು ಒಪ್ಪಿ ಸಹಿ ಹಾಕಿದಳು.

ಗಂಟು ಹೋಯಿತು, ಜೀವಕ್ಕೆ ಯಾವ ಅಪಾಯವೂ ಉಳಿಯಲಿಲ್ಲ. ದನಿಯೂ ಹೋಯಿತು. ಮೊದಮೊದಲು ಬರೀ ಉಸಿರು. ಆಮೇಲೆ ಒಂದು ಒಡಕು, ಒಣಗಿದ ಎಲೆಯ ಮೇಲೆ ಕಾಲಿಟ್ಟಂತೆ. ಡಿಪೋದಲ್ಲಿ ಅವಳಿಗೆ ಕೂತು ಮಾಡುವ ಕೆಲಸ ಕೊಟ್ಟರು. ನಾನು ನೋಡಲು ಹೋದಾಗ ಚಹಾ ಕೊಟ್ಟಳು, ಉಪ್ಪಿಟ್ಟು ಕೊಟ್ಟಳು, ಮಾತನ್ನೆಲ್ಲ ನನಗೇ ಬಿಟ್ಟಳು. ಸಂಕೇತ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಮಹೇಶ್ವರಿಯ ಕೈಯಲ್ಲಿ ಒಂದು ಸಂದೇಶ ಹಾಕಿಸಿದಳು: ಹಾಡುಗಳು ಇವೆ, ಬೇರೆ ಹಾಡುವವಳನ್ನು ನೋಡಿಕೋ.

ಅವನು ನೋಡಿಕೊಳ್ಳಲಿಲ್ಲ. ಅದರ ಬದಲು ಒಂದು ರವಿವಾರ ಸಣ್ಣ ಡಬ್ಬಿಯಲ್ಲಿ ಗೋಧಿ ತುಂಬಿಕೊಂಡು ಗಿರಣಿಗೆ ಬಂದ. ವಿಜಯಮಹಾಂತೇಶ ಬಂದ್ ಆಗಿದ್ದ ಗಿರಣಿಯನ್ನು ಚಾಲೂ ಮಾಡಿ ಬೀಸಿಕೊಟ್ಟ. ಮರುವಾರ ಮತ್ತೆ ಡಬ್ಬಿ. ಅದರ ಮರುವಾರವೂ. ಇಬ್ಬರೂ ಹಿಟ್ಟು ಬೀಳುವುದನ್ನು ನೋಡುತ್ತ ನಿಲ್ಲುತ್ತಿದ್ದರು. ಒಳಗಿದ್ದ ಸುನಂದಾಳಿಗೆ ಗಿರಣಿಯ ಸದ್ದು ಕೇಳಿದರೆ ಬಂದವರು ಯಾರೆಂದು ತಿಳಿಯುತ್ತಿತ್ತು. ಸುಲಭಾಬಾಯಿ ಮಾತ್ರ, ಮನೆಯಲ್ಲಿ ಇರುವವರು ಮೂರು ಜನ, ಇಷ್ಟು ಹಿಟ್ಟನ್ನು ಏನು ಮಾಡಲಿ ಎಂದು ನೆರೆಹೊರೆಗೆಲ್ಲ ಹಂಚುತ್ತಿದ್ದರಂತೆ.

ಕಡೆಗೊಂದು ರವಿವಾರ ಸುನಂದಾ ಹೊರಗೆ ಬಂದಳು.

"ಇನ್ನೂ ಎಷ್ಟ ಗೋದಿ ಅದಾವ ನಿಮ್ಮನ್ಯಾಗ?" ಎಂದಳು ಆ ಒಡಕು ದನಿಯಲ್ಲೇ.

"ಅವ್ವ ಇನ್ನ ಡಬ್ಬಿ ಕೊಡೂದಿಲ್ಲ ಅಂದಾಳಕ್ಕಾ. ಇದ ಕಡೀದು," ಎಂದ ಸಂಕೇತ.

ಅವಳಿಗೆ ನಗು ಬಂತು. ಆಪರೇಶನ್ ಆದ ಮೇಲೆ ತಾಯಿ ನಕ್ಕಿದ್ದು ಅವತ್ತೇ ಎಂದು ಮಹೇಶ್ವರಿ ನನಗೆ ಹೇಳಿದಳು.

ದನಿ ತಿದ್ದುವ ತರಬೇತಿಗೆ ಅವಳು ಆಗಲೇ ಹೋಗುತ್ತಿದ್ದಳು. ಬಾಯಿ ಮುಚ್ಚಿ, ಎದೆಯಲ್ಲಿ ಗುಂಯ್ ಎನ್ನುವಂತೆ ತಗ್ಗಿನ ಸುರದಲ್ಲಿ ಗುನುಗಬೇಕು, ಮೇಲೆ ಎಳೆಯಬಾರದು. ಸಂಕೇತ ಅದನ್ನು ಮಾಡಿ ತೋರಿಸು ಎಂದ. ಅವಳು ತೋರಿಸಿದಳು. ಅವನು ಗಿಟಾರಿನಲ್ಲಿ ಆ ಸುರ ಹುಡುಕಿದ, ಸಿಗಲಿಲ್ಲ. ತಂತಿಗಳನ್ನು ಸಡಿಲ ಬಿಡುತ್ತ ಹೋದ. ಅವು ಜೋತುಬಿದ್ದು ಜೀರುಂಡೆಯಂತೆ ಗುಂಯ್ಗುಟ್ಟುವ ಮಟ್ಟಕ್ಕೆ ಬಂದಾಗ ಸುರ ಕೂಡಿತು. ಭಜನೆಯಲ್ಲಿ ಅಪ್ಪ ಹಿಡಿಯುತ್ತಿದ್ದ ಸುರ ಇದೇ ಎಂದು ಸುನಂದಾಳಿಗೆ ಅನಿಸಿತು. ಅದನ್ನು ಹೇಳಿದಳು. ಸಂಕೇತ ತಲೆಯಾಡಿಸಿದ, ಬಾರಿಸುವುದನ್ನು ನಿಲ್ಲಿಸಲಿಲ್ಲ.

ಹೊಸ ದನಿಗೆ ಉಸಿರು ಕಡಿಮೆ. ಸಾಲಿನ ಅರ್ಧಕ್ಕೇ ನಿಂತುಬಿಡುತ್ತಿತ್ತು. ಮೊದಲು ಅದೊಂದು ಸಂಕಟ. ಆಮೇಲೆ ಸಂಕೇತ, ಅಕ್ಕ ಎಲ್ಲಿ ನಿಲ್ಲುತ್ತಾಳೋ ಅಲ್ಲಿಂದ ಗಿಟಾರು ಸಾಲನ್ನು ಮುಗಿಸಲಿ ಎಂದು ಕಟ್ಟಿದ. ಅವಳು ಅರ್ಧ ಹೇಳುವುದು, ತಂತಿ ಅರ್ಧ ಹೇಳುವುದು. ಆಲ್ಬಮ್ಮಿನ ಗುಣವೇ ಇದರಿಂದ ಬಂತು. ಹಾಡಿ ಹಾಡಿ ದನಿಗೆ ಸ್ವಲ್ಪ ಬಲವೂ ಬಂತು. ಅವಳು ಮತ್ತೆ ಬಸ್ಸಿಗೆ ಹೋದಳು. ಊರುಗಳ ಹೆಸರು ಕೂಗುವ ಕೆಲಸವನ್ನು ರಾಚಪ್ಪ ವಹಿಸಿಕೊಂಡ. ಅವನು ಕೂಗಿದರೆ ಕೂತಿದ್ದವರೂ ಬೆಚ್ಚಿಬೀಳುತ್ತಿದ್ದರು.

ಉಳಿದ ಐದು ಹಾಡು ಈ ದನಿಯಲ್ಲೇ ಮುಗಿದವು. ಆಮೇಲೆ ಅಕ್ಕ ತಮ್ಮನಿಗೆ ಜಗಳವಾಯಿತು. ಅರ್ಷದನ ಕೋಣೆಯಲ್ಲಿ, ಅವನೆದುರಿಗೇ.

"ಮೊದಲಿನ ಮೂರೂ ತಗದ ಹಾಕು," ಎಂದಳು ಸುನಂದಾ.

"ಅವು ಭಾಳ ಛಲೋ ಬಂದಾವ ಅಕ್ಕಾ. ಹೆಂಗ ತಗೀಲಿ?"

"ಛಲೋ ಬಂದಾವ ಅಂತನ ಹೇಳಾಕತ್ತೇನಿ. ಮಂದಿ ಅವನ್ನ ಕೇಳಿ, ಆಮ್ಯಾಲ ಇವನ್ನ ಕೇಳಿದ್ರ ಪಾಪ ಅಂತಾರ. ಪಾಪ ಅನಿಸಿಕೊಳ್ಳಾಕ ನಾ ಹಾಡೂದಿಲ್ಲ."

ಸಂಕೇತನಿಗೂ ಸಿಟ್ಟು ಬಂದಿತ್ತು. ಆ ದನಿ ಅವಳೊಬ್ಬಳದೇ ಅಲ್ಲ, ಅದನ್ನು ಕೇಳಿಯೇ ತಾನು ಇಷ್ಟು ದೂರ ಬಂದದ್ದು ಎಂದ. ಅರ್ಷದ ನಡುವೆ ಬಾಯಿ ಹಾಕಿ, ಕಂಪ್ಯೂಟರಿನಲ್ಲಿ ಹೊಸ ದನಿಯನ್ನು ತುಸು ಮೇಲೆತ್ತಿ ಹಳೆಯದರ ಹತ್ತಿರ ತರಬಹುದು ಎಂದ. ಇಬ್ಬರೂ ಒಟ್ಟಿಗೆ ಬೇಡ ಎಂದರು. ಅಷ್ಟರಲ್ಲಿ ಮಗ್ಗಗಳು ಮತ್ತೆ ಶುರುವಾದವು. ಅಂದಿನ ಕೆಲಸ ಅಲ್ಲಿಗೇ ನಿಂತಿತು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಒಂದು ವಾರ ಮಾತಿಲ್ಲ. ಮೂರರಲ್ಲಿ ಎರಡು ಹಾಡನ್ನು ಹೊಸ ದನಿಯಲ್ಲಿ ಮತ್ತೆ ಹಾಡಬಹುದಿತ್ತು, ಅದು ಸುನಂದಾಳಿಗೆ ಗೊತ್ತಿತ್ತು. ಹೊಳೆಯ ಪದ ಮಾತ್ರ ಆಗುತ್ತಿರಲಿಲ್ಲ. ಅದರ ಎರಡನೆಯ ಸಾಲು ಮೇಲೆ ಹೋಗಲೇಬೇಕು, ಇಲ್ಲದಿದ್ದರೆ ಅದು ಅಪ್ಪ ಕಟ್ಟಿದ ಪದವಲ್ಲ. ಅದನ್ನು ಪೂರಾ ಬಿಟ್ಟುಬಿಡಲೂ ಮನಸ್ಸು ಬರಲಿಲ್ಲ. ರೊಟ್ಟಿ ಬಡಿಯುವಾಗ ಆ ಸಾಲಿಗೆ ಬಂದು ನಿಂತುಬಿಡುತ್ತಿದ್ದಳಂತೆ. ಬಾಗಿಲಿಗೆ ಒರಗಿ ನಿಂತಿದ್ದ ಗಂಡ ಒಂದು ಸಲ ಕೇಳಿದ, ಮೇಲೆ ಹೋಗುವ ಸಾಲನ್ನು ಆಗಲೇ ಹಾಡಿಟ್ಟಿದ್ದೀಯಲ್ಲ, ಮತ್ತೇಕೆ ಹಾಡಬೇಕು ಎಂದು. ಅವನು ಏನೂ ಯೋಚಿಸಿ ಹೇಳಿದ್ದಲ್ಲ. ಅವಳು ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡು ಸಂಕೇತನಿಗೆ ಫೋನ್ ಮಾಡಿದಳು.

"ಉಳದ ಎರಡೂ ಮತ್ತ ಹಾಡ್ತೇನಿ, ಹೊಳಿ ಹಾಡು ಇರ್ಲಿ," ಎಂದಳು. "ಆ ಹಳೀ ದನಿಯಾಕಿ ಮ್ಯಾಲ ಹಾಡ್ಲಿ, ನಾ ಕೆಳಗ ಹಾಡ್ತೇನಿ. ಆಕಿ ಒಬ್ಬಾಕಿನ್ನ ದಂಡಿ ಮ್ಯಾಲ ಬಿಟ್ಟು ಬರೂದು ಬ್ಯಾಡ."

ಆ ಹಾಡಿನ ರೆಕಾರ್ಡಿಂಗಿಗೆ ವಿಜಯಮಹಾಂತೇಶ ಗಿರಣಿ ಬಂದ್ ಮಾಡಿ ಜೊತೆಗೆ ಹೋದ. ಕೋಣೆಯ ಹೊಸಿಲ ಮೇಲೆ ಕೂತ. ಸುನಂದಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಅರ್ಷದ ಹಳೆಯದನ್ನು ಹಚ್ಚಿದ. ಮೊದಲ ಸಾಲು ಬಂತು, ಎರಡನೆಯ ಸಾಲು ಮೇಲೆ ಹೋಯಿತು. ಅವಳು ಬಾಯಿ ತೆರೆಯಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು ಕೌದಿಗೆ ಮುಖ ಮಾಡಿ ನಿಂತಳು. ಆಪರೇಶನ್ ಆದಂದಿನಿಂದ ಅವಳು ಆ ದನಿಯನ್ನು ಕೇಳಿರಲೇ ಇಲ್ಲ. ಸಂಕೇತ ಗಿಟಾರು ಕೆಳಗಿಟ್ಟ, ನಾಳೆ ಮಾಡೋಣ ಎಂದ. ಅವಳು ತಲೆ ಅಲ್ಲಾಡಿಸಿ ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಕೂತಳು. ಈ ಸಲ ಹಳೆಯ ದನಿ ಎತ್ತಿಕೊಂಡ ಕೂಡಲೇ ಕೆಳಗಿನಿಂದ ಹೊಸ ದನಿಯೂ ಎದ್ದಿತು. ಅದು ಮೇಲೆ ಹೋದಾಗ ಇದು ಕೆಳಗೇ ಕಾದು ನಿಂತಿತು. ಅದು ಇಳಿದು ಬಂದಾಗ ಎರಡೂ ಕೂಡಿದವು. ಸಂಕೇತ ಬಾರಿಸಿದ್ದು ಬೇವಿನ ಮರದ ಕೆಳಗೆ ಮೀಟಿದ್ದ ಆ ಒಂದೇ ತಂತಿ. ಅರ್ಷದ ಮುಗಿದ ಮೇಲೂ ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತ. ಹಾಗಾಗಿ ಆ ಹಾಡಿನ ಕೊನೆಗೆ, ಊಟ ಮುಗಿಸಿ ಬಂದ ನೇಕಾರರ ಮಗ್ಗದ ಸದ್ದು ದೂರದಿಂದ ಶುರುವಾಗುವುದೂ ಸೇರಿಕೊಂಡಿದೆ. ಅದನ್ನು ತೆಗೆಯುವುದು ಬೇಡ ಎಂದರು.

'ಮುಂದ ಸರೀರಿ' ಕಳೆದ ವರ್ಷ ಹೊರಬಂತು. ಮುಖಚಿತ್ರಕ್ಕೆ ಮಹೇಶ್ವರಿ ಫೋನಿನಲ್ಲೇ ತೆಗೆದ ಫೋಟೋ: ಗಿರಣಿಯ ಮೆಟ್ಟಿಲ ಮೇಲೆ ಖಾಕಿ ಸೀರೆಯ ಅಕ್ಕ, ಹಿಟ್ಟು ಮೆತ್ತಿದ ಪ್ಯಾಂಟಿನ ತಮ್ಮ. ಫೋನಿನಲ್ಲಿ ಹಾಡು ಕೇಳುವ ಎಲ್ಲ ಕಡೆಯೂ ಹಾಕಿದರು. ಅಷ್ಟಲ್ಲದೆ ಅರ್ಷದ ಪೆನ್‌ಡ್ರೈವ್‌ಗಳಿಗೆ ತುಂಬಿ ಹುನಗುಂದ, ಇಳಕಲ್ಲಿನ ಅಂಗಡಿಗಳಲ್ಲಿ ಇಟ್ಟ. ಟ್ರ್ಯಾಕ್ಟರಿನವರು ಅದನ್ನು ಹೆಚ್ಚು ಒಯ್ದರಂತೆ. ವಿಜಯಮಹಾಂತೇಶ ಗಿರಣಿಯಲ್ಲಿ ಅದನ್ನು ಹಚ್ಚಿಡುತ್ತಿದ್ದ. ಕಲ್ಲು ತಿರುಗುವ ಸದ್ದಿನಲ್ಲಿ ಯಾರಿಗೂ ಏನೂ ಕೇಳುತ್ತಿರಲಿಲ್ಲ. ಹೊಳೆಯ ಪದ ಬಂದಾಗ ಮಾತ್ರ ಗಿರಣಿ ನಿಲ್ಲಿಸುತ್ತಿದ್ದ. ಬೀಸಿಸಲು ಬಂದವರು ಕಾಯಬೇಕಿತ್ತು.

ಮೊದಲ ಕಾರ್ಯಕ್ರಮ ಡಿಪೋದ ರಾಜ್ಯೋತ್ಸವದಲ್ಲಿ. ಡ್ರೈವರುಗಳು, ಕಂಡಕ್ಟರುಗಳು, ಕೈಗೆ ಎಣ್ಣೆ ಮೆತ್ತಿಕೊಂಡ ಮೆಕ್ಯಾನಿಕ್ಕುಗಳು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ನಾನೂ ಹೋಗಿದ್ದೆ. ಅವಳ ಹಳೆಯ ಕೂಗು ಅಲ್ಲಿದ್ದ ಎಲ್ಲರ ಕಿವಿಯಲ್ಲೂ ಇತ್ತು. ಅವಳು ತಗ್ಗಿದ ದನಿಯಲ್ಲಿ ಎತ್ತಿಕೊಂಡಾಗ ಹಿಂದಿನಿಂದ ಯಾರೋ, ಕೇಳುವುದಿಲ್ಲ ಎಂದರು. ಸುನಂದಾ ದನಿ ಏರಿಸಲು ಹೋಗಲಿಲ್ಲ. ಸಂಕೇತ ಗಿಟಾರಿನ ಸದ್ದನ್ನು ಇಳಿಸಿದ, ಇನ್ನೂ ಇಳಿಸಿದ. ಹಿಂದಿನ ಕುರ್ಚಿಗಳಲ್ಲಿದ್ದವರು ತಾವಾಗಿಯೇ ಎದ್ದು ಮುಂದೆ ಬಂದು ನೆಲದ ಮೇಲೆ ಕೂತರು. ಆಮೇಲೆ ಎಲ್ಲರಿಗೂ ಕೇಳಿಸಿತು. ಹಾಡು ಮುಗಿದಾಗ ರಾಚಪ್ಪ ವೇದಿಕೆಗೆ ಹೋಗಿ ಅವಳ ಕೊರಳಿಗೆ ಹಾರ ಹಾಕಿ ಇಳಿದು ಬಂದ.

ಈಗ ಸಂಕೇತನಿಗೆ ಬಾದಾಮಿಗೆ ವರ್ಗವಾಗಿದೆ. ಸುನಂದಾಳೂ ಕೇಳಿಕೊಂಡು ಬಾದಾಮಿ ದಾರಿಯ ಬಸ್ಸಿಗೆ ಬಂದಿದ್ದಾಳೆ. ಬೆಳಿಗ್ಗೆ ಅವನು ಮುಂದಿನ ಸೀಟಿನಲ್ಲಿ ಕೂತು ಹೊಸದೊಂದು ಹಾಡಿನ ತಾಳದ ನಡೆ ಬೆರಳಿನಿಂದ ಬಡಿದು ತೋರಿಸುತ್ತಾನೆ. ಅವಳು ಟಿಕೀಟು ಹರಿಯುತ್ತಲೇ, ಇಷ್ಟು ಓಡಿಸಬೇಡ, ಮಾತು ತಿಳಿಯಬೇಕು ಎನ್ನುತ್ತಾಳೆ. ಅವನು ಓಡಿಸಿದರೇ ಚೆಂದ ಎನ್ನುತ್ತಾನೆ. ಮೊನ್ನೆ ನಾನು ಬಾದಾಮಿಗೆ ಹೋದಾಗ ಕುಳಗೇರಿ ಕಡೆಯ ಒಬ್ಬ ಹಿರಿಯರು ಇದನ್ನೆಲ್ಲ ಕೇಳುತ್ತ ಕೂತಿದ್ದು, ಅಕ್ಕಾವ್ರು ಹೇಳುವುದೇ ಬರೋಬ್ಬರಿ ಎಂದು ತೀರ್ಪು ಕೊಟ್ಟರು. ಸಂಕೇತ ಅವರ ಕಡೆ ತಿರುಗಿ, ಒಮ್ಮೆ ಪೂರಾ ಕೇಳಿ ನೋಡ್ರಿ ಎಂದು ಮೊದಲಿನಿಂದ ಬಡಿಯತೊಡಗಿದ.